ಹಳೇ ಫ್ರೆಂಚ್ ರೆಡ್ ವೈನ್ ಕೊಳ್ಳೋದು ಹೇಗೆ: ಲೇಬಲ್ ಆಮೇಲೆ, ಮೊದ್ಲು ಬಾಟಲಿಯ ಕತ್ತು ನೋಡಿ

ಲಂಡನ್, ಪ್ಯಾರಿಸ್ ಕಡೆ ಇರೋ ನಮ್ಮವರ ಮನೇಲಿ ಯಾರಿಗಾದ್ರೂ ಐವತ್ತು ತುಂಬ್ತು ಅಂದ್ರೆ ಅವರು ಹುಟ್ಟಿದ ವರ್ಷದ್ದೇ ಒಂದು ಬೋರ್ಡೊ (ಫ್ರಾನ್ಸಿನ ಹೆಸರಾಂತ ವೈನ್ ಸೀಮೆ) ಬಾಟಲಿ ಹುಡುಕಿ ತಂದು ಕೊಡ್ತಾರೆ. ಒಳ್ಳೇ ಉಡುಗೊರೆನೇ. ಆದ್ರೆ ನಾನು ನೋಡಿದಂಗೆ ವರ್ಷ ನೋಡ್ತಾರೆ, ಶಾಟೊ (ದ್ರಾಕ್ಷಿ ಬೆಳೆದು ವೈನ್ ಮಾಡೋ ಎಸ್ಟೇಟ್) ಹೆಸರು ನೋಡ್ತಾರೆ, ರೇಟ್ ಚೌಕಾಸಿ ಮಾಡ್ತಾರೆ, ಆ ಬಾಟಲಿ ಇಷ್ಟು ವರ್ಷ ಯಾರ ಹತ್ರ, ಎಂಥ ಜಾಗದಲ್ಲಿ ಇತ್ತು ಅಂತ ಮಾತ್ರ ಯಾರೂ ಕೇಳಲ್ಲ, ಪಾರ್ಟಿ ದಿನ ತೆಗೆದ್ರೆ ಗಬ್ಬು ಹುಳಿ ವಾಸನೆ. ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ.

1. ಯಾವ ವೈನ್

ಹಳೇದಾದಷ್ಟೂ ರುಚಿ ಅನ್ನೋದು ಸುಳ್ಳು. ಫ್ರಾನ್ಸಲ್ಲಿ ಆಗೋ ವೈನಲ್ಲಿ ಬಹುಪಾಲು ಎರಡು ಮೂರು ವರ್ಷದಲ್ಲಿ ಕುಡಿದು ಮುಗಿಸೋಕೇ ಮಾಡಿದ್ದು. ಇಪ್ಪತ್ತು ಮೂವತ್ತು ವರ್ಷ ತಡೀಬೇಕಂದ್ರೆ ದ್ರಾಕ್ಷಿಲಿ ಒಗರು, ಹುಳಿ ಎರಡೂ ಜೋರಾಗಿರ್ಬೇಕು. ಬೋರ್ಡೊದ ಮೆಡೋಕ್ ಭಾಗದ ಕ್ಯಾಬರ್ನೆ ಸೋವಿನ್ಯೋಂ, ರೋನ್ ಕಣಿವೆಯ ಎರ್ಮಿತಾಜ್ ಸಿರಾ, ಬರ್ಗಂಡಿಯ ಒಳ್ಳೇ ಪಿನೋ ನ್ವಾರ್, ಇವು ಆ ಜಾತಿಯವು. ಮೊದಲ ಸಲ ಕೊಳ್ಳೋರು ಬರ್ಗಂಡಿಗೆ ಕೈ ಹಾಕಲೇಬೇಡಿ. ಅಲ್ಲಿ ಕ್ಲೋ ದ ವೂಜೋ ಅಂತ ಒಂದೇ ತೋಟ, ಸುಮಾರು 50 ಹೆಕ್ಟೇರ್, ಅದಕ್ಕೆ ಹತ್ತಿರತ್ತಿರ 80 ಜನ ಮಾಲೀಕರು, ಲೇಬಲ್ ಮೇಲೆ ಅದೇ ತೋಟದ ಹೆಸರಿದ್ರೂ ಒಬ್ಬರ ವೈನಿಗೂ ಇನ್ನೊಬ್ಬರ ವೈನಿಗೂ ಅಜಗಜಾಂತರ. ಬೋರ್ಡೊದಿಂದ ಶುರು ಮಾಡಿ.

2. ಯಾವ ವರ್ಷ

1982, 1990, 2000, 2005, 2010 ಬೋರ್ಡೊದಲ್ಲಿ ದ್ರಾಕ್ಷಿ ಚೆನ್ನಾಗಿ ಬಂದ ದೊಡ್ಡ ವರ್ಷಗಳು, ರೇಟೂ ಹಂಗೇ. ನನ್ನ ಕೇಳಿದ್ರೆ ಮೆಡೋಕಲ್ಲಿ 1996 ತಗೊಳಿ, ಇಲ್ಲಾ 2001 ತಗೊಳಿ. 2000ದ ಗಲಾಟೆಯಲ್ಲಿ 2001ನ್ನ ಯಾರೂ ಸರಿಯಾಗಿ ನೋಡ್ಲಿಲ್ಲ, ಇವತ್ತಿಗೂ ನ್ಯಾಯವಾದ ಬೆಲೆಗೆ ಸಿಗತ್ತೆ. 1974, 1977, 1984 ಬೇಡ, 1991 ಅಂತೂ ಏಪ್ರಿಲಲ್ಲಿ ಹಿಮ ಬಿದ್ದು ಚಿಗುರೆಲ್ಲಾ ಸುಟ್ಟುಹೋದ ವರ್ಷ. ಹುಟ್ಟಿದ್ದೇ ಆ ವರ್ಷ ಆದ್ರೆ? ಬೋರ್ಡೊ ಬಿಟ್ಟು ದಕ್ಷಿಣದ ರೂಸಿಯೋಂ ಕಡೆಯ ಮೋರಿ ಅಥವಾ ರಿವ್ಸಾಲ್ಟ್ ಹುಡುಕಿ. ಸಿಹಿ ವೈನು, ಹುದುಗು ಬರ್ತಿರೋವಾಗ್ಲೇ ಸ್ಪಿರಿಟ್ ಸೇರ್ಸಿ ನಿಲ್ಸಿರ್ತಾರೆ, ಐವತ್ತು ವರ್ಷ ಆದ್ರೂ ಜಗ್ಗಲ್ಲ, ಬೆಲೆನೂ ಕಮ್ಮಿ.

3. ಯಾವ ಶಾಟೊ

1855ರಲ್ಲಿ ಪ್ಯಾರಿಸ್ ಎಕ್ಸಿಬಿಷನ್ನಿಗೆ ಅಂತ ಮಾಡಿದ ಬೋರ್ಡೊ ಶಾಟೊಗಳ ಐದು ದರ್ಜೆಯ ಪಟ್ಟಿ ಇವತ್ತಿಗೂ ನಡೀತಿದೆ, ಮೇಲಿನ ದರ್ಜೆಗೆ ಆದ ಒಂದೇ ಬದಲಾವಣೆ ಅಂದ್ರೆ 1973ರಲ್ಲಿ ಮೂತೋಂ ರೋಥ್‌ಶೀಲ್ಡ್ ಎರಡರಿಂದ ಒಂದಕ್ಕೆ ಬಂದಿದ್ದು. ಆ ಒಂದನೇ ದರ್ಜೆಯ ಐದು ಶಾಟೊಗಳ ತಂಟೆಗೆ ಹೋಗ್ಬೇಡಿ, ಕೊಡೋ ದುಡ್ಡಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಹೆಸರಿಗೆ ಹೋಗತ್ತೆ, ನಕಲಿ ಕಾಟನೂ ಅಲ್ಲೇ ಜಾಸ್ತಿ. ಲಿಯೊವಿಲ್ ಬಾರ್ಟನ್, ಕಾಂತಮೆರ್ಲ್, ಪಟ್ಟೀಲೇ ಇಲ್ದಿರೋ ಸೋಸಿಯಾಂಡೋ ಮಲೆ, ಇವು ಇಪ್ಪತ್ತು ವರ್ಷ ಚೆನ್ನಾಗಿ ಮಾಗ್ತವೆ. ಹಾಂ, ಸೂಪರ್‌ಮಾರ್ಕೆಟ್ ಬಾಟಲಿ ಮೇಲೆ 'ಗ್ರಾಂ ವ್ಯಾಂ ದ ಬೋರ್ಡೊ' ಅಂತ ಚಿನ್ನದ ಅಕ್ಷರ ಇರತ್ತಲ್ಲ, ಅದು ಯಾವ ದರ್ಜೆನೂ ಅಲ್ಲ, ಮೋಸ ಹೋಗ್ಬೇಡಿ.

4. ಎಲ್ಲಿ

ಕಾಗದಪತ್ರ ತೋರ್ಸೋ ಹಳೇ ವ್ಯಾಪಾರಿ ಹತ್ರ. ಲಂಡನ್ನಿನ ಸೇಂಟ್ ಜೇಮ್ಸ್ ಬೀದೀಲಿ 1698ರಿಂದ ಇರೋ ಬೆರಿ ಬ್ರದರ್ಸ್ ಥರದವರು ತಮ್ಮ ಗಿರಾಕಿಗಳ ವೈನನ್ನ ತಮ್ಮದೇ ಗೋಡೌನಲ್ಲಿ ಇಟ್ಟು ಮಾರ್ತಾರೆ, ಖರೀದಿ ಆದಾಗಿಂದ ಅದು ಅಲ್ಲಾಡಿರಲ್ಲ. ಇನ್ನೂ ಒಳ್ಳೇದು ಶಾಟೊದಿಂದಲೇ ತಡವಾಗಿ ಬಿಡೋ ಬಾಟಲಿ. ಶಾಟೊ ಲಾತೂರ್ 2012ರಲ್ಲಿ ಪೀಪಾಯೀಲಿ ಇರೋವಾಗ್ಲೇ ಮಾರೋ ಪದ್ಧತಿ ಬಿಟ್ಟು, ಮಾಗಿದ ಮೇಲೆ ಹೊರಗೆ ಬಿಡ್ತೀವಿ ಅಂತ ಹೇಳಿದ್ದು ಇದಕ್ಕೇ. ಟೂರಿಸ್ಟ್ ಬೀದಿ ಅಂಗಡಿಯ ಕಿಟಕೀಲಿ ಬಿಸಿಲಿಗೆ ನಿಲ್ಲಿಸಿಟ್ಟ ಹಳೇ ಬಾಟಲಿ ಪುಕ್ಕಟೆ ಕೊಟ್ರೂ ಬೇಡ.

5. ಬಾಟಲಿ ಪರೀಕ್ಷೆ

ಎಲ್ಲರೂ ಎಡವೋದು ಇಲ್ಲೇ, ಇಲ್ಲಿ ಆತುರ ಬೇಡ. ಕೈಯಲ್ಲಿ ಒಂದು ಸಣ್ಣ ಟಾರ್ಚ್ ಇರ್ಲಿ, ಫೋನಿಂದೂ ಆಗತ್ತೆ.

ಮೊದಲು ಬಾಟಲಿ ನೆಟ್ಟಗೆ ನಿಲ್ಸಿ, ಹಿಂದಿನಿಂದ ಬೆಳಕು ಬಿಟ್ಟು ವೈನ್ ಎಲ್ಲೀತನಕ ಇದೆ ನೋಡಿ. ಕಾರ್ಕ್ ಮೂಲಕ ವರ್ಷ ವರ್ಷ ಒಂದಿಷ್ಟು ಆರತ್ತೆ, ಅದು ಸಹಜ. ಬೋರ್ಡೊ ಬಾಟಲಿಗೆ ಕತ್ತು, ಭುಜ ಎದ್ದು ಕಾಣತ್ತೆ, ಅದೇ ಅಳತೆ. ಹದಿನೈದು ಇಪ್ಪತ್ತು ವರ್ಷದ್ದಾದ್ರೆ ಮಟ್ಟ ಕತ್ತಿನೊಳಗೇ ಇರ್ಬೇಕು. ಮೂವತ್ತು ದಾಟಿದ್ರೆ ಕತ್ತಿನ ಬುಡ, ಭುಜದ ಮೇಲ್ತುದಿ ಪರವಾಗಿಲ್ಲ. ಭುಜದ ಮಧ್ಯಕ್ಕೆ ಇಳಿದಿದ್ರೆ ಒಳಗೆ ಗಾಳಿ ಹೋಗಿದೆ, ಅದಕ್ಕಿಂತ ಕೆಳಗಾದ್ರೆ ಅಂಗಡಿಯವರು ಎಷ್ಟೇ ಡಿಸ್ಕೌಂಟ್ ಅಂದ್ರೂ ಕೈ ಮುಗಿದು ಬನ್ನಿ. ಬರ್ಗಂಡಿ ಬಾಟಲಿ ಇಳಿಜಾರು, ಭುಜನೇ ಇಲ್ಲ, ಅಲ್ಲಿ ಕಾರ್ಕ್ ತಳದಿಂದ ಎಷ್ಟು ಸೆಂಟಿಮೀಟರ್ ಕೆಳಗಿದೆ ಅಂತ ಅಳೀತಾರೆ. ಇನ್ನೊಂದು, ನಲವತ್ತು ವರ್ಷದ ಬಾಟಲಿ ಕಾರ್ಕ್ ತನಕ ತುಂಬಿ ತುಳುಕ್ತಿದ್ರೆ ಅದೂ ಕೇಳಬೇಕಾದ ವಿಷಯನೇ. ಶಾಟೊದಲ್ಲೇ ಹೊಸ ಕಾರ್ಕ್ ಹಾಕಿರಬಹುದು, ಹಾಗಾದ್ರೆ ಅದಕ್ಕೆ ದಾಖಲೆ ತೋರ್ಸಿ ಅನ್ನಿ.

ಆಮೇಲೆ ಕಾರ್ಕ್ ಮೇಲಿನ ಲೋಹದ ಟೋಪಿ. ಬಿಸಿಯಾದಾಗ ವೈನ್ ಉಬ್ಬಿ ಕಾರ್ಕ್ ಪಕ್ಕದಿಂದ ಒಸರತ್ತೆ, ತಣ್ಣಗಾದಾಗ ಅದೇ ದಾರೀಲಿ ಗಾಳಿ ಒಳಗೆ ಎಳ್ಕೊಳತ್ತೆ, ವೈನ್ ಹಾಳಾಗೋದೇ ಹೀಗೆ. ಗುರುತು ಏನಂದ್ರೆ, ಟೋಪಿ ಕೆಳಗೆ ಒಣಗಿದ ಅಂಟು ಕಲೆ, ಕಾರ್ಕ್ ಮೇಲಕ್ಕೆ ಉಬ್ಬಿ ಟೋಪಿ ಗುಮ್ಮಟ ಆಗಿರೋದು. ಅಂಗಡಿಯವರನ್ನ ಕೇಳಿ ಟೋಪಿ ಮೆಲ್ಲಗೆ ತಿರುಗ್ಸಿ ನೋಡಿ, ಸಲೀಸಾಗಿ ತಿರುಗಿದ್ರೆ ಒಸರಿಲ್ಲ ಅಂತ ಧೈರ್ಯ. ತಿರುಗ್ಲಿಲ್ಲ ಅಂದಮಾತ್ರಕ್ಕೆ ಕೆಟ್ಟಿದೆ ಅಂತ ಅಲ್ಲ, ಕೆಲವರು ಬಿಗಿಯಾಗೇ ಹಾಕಿರ್ತಾರೆ.

ಬಣ್ಣ ಕತ್ತಿನ ಹತ್ರ ನೋಡಿ, ಅಲ್ಲಿ ವೈನ್ ತೆಳು. ಮಾಗಿದ ಬೋರ್ಡೊ ಇಟ್ಟಿಗೆ ಕೆಂಪಿಗೆ ತಿರುಗಿರತ್ತೆ, ಹೊಳಪು ಇರ್ಲೇಬೇಕು. ಹಳೇ ಹುಣಸೆಹಣ್ಣಿನ ಥರ ಕಂದು, ಮಬ್ಬು ಕಂಡ್ರೆ ಮುಗೀತು. ತಳದಲ್ಲಿ ಗಸಿ ಇದ್ರೆ ಹೆದರ್ಬೇಡಿ, ಮೂವತ್ತು ವರ್ಷದ ಮೆಡೋಕಲ್ಲಿ ಗಸಿ ಇಲ್ಲ ಅಂದ್ರೇನೇ ಅನುಮಾನ ಪಡ್ಬೇಕು.

ಲೇಬಲ್ ವಿಷಯದಲ್ಲಿ ಎಲ್ಲರೂ ಉಲ್ಟಾ ಯೋಚಿಸ್ತಾರೆ. ಉಡುಗೊರೆ ಕೊಡೋದು, ನೀಟಾಗಿರ್ಲಿ ಅಂತ ಫಳಫಳ ಲೇಬಲ್ ಆರಿಸ್ತಾರೆ. ಒಳ್ಳೇ ನೆಲಮಾಳಿಗೆ ಅಂದ್ರೆ 12-14 ಡಿಗ್ರಿ ತಂಪು, 70% ಆಸುಪಾಸು ತೇವ, ಅಲ್ಲಿ ಮೂವತ್ತು ವರ್ಷ ಮಲಗಿದ ಲೇಬಲ್ ಕಲೆ ಬಿದ್ದು ಅಂಚು ಸುಕ್ಕಾಗೇ ಇರತ್ತೆ. ಕಲೆ ಲೇಬಲ್, ಕತ್ತಿನ ತನಕ ವೈನ್, ಇಂಥದ್ದು ಸಿಕ್ರೆ ಬಿಡಬೇಡಿ. ಲೇಬಲ್ ಗರಿಗರಿ, ವೈನ್ ಮಾತ್ರ ಭುಜಕ್ಕೆ ಇಳಿದಿದೆ ಅಂದ್ರೆ ಒಣಗಿದ, ಬಿಸಿ ಜಾಗದಲ್ಲಿತ್ತು ಅಂತ. ಆನ್‌ಲೈನಲ್ಲಿ ತಗೊಳೋರು ಕತ್ತು, ಟೋಪಿ, ಲೇಬಲ್ ಮೂರರ ಫೋಟೋನೂ ಕೇಳಿ, ಅದೇ ಬಾಟಲೀದು, ಕ್ಯಾಟಲಾಗ್ ಫೋಟೋ ಅಲ್ಲ. ಕಳ್ಸಲ್ಲ ಅಂದ್ರೆ ಬೇರೆ ಕಡೆ ನೋಡಿ.

6. ನಕಲಿ

ದುಬಾರಿ ಬರ್ಗಂಡಿ, 1982ರ ದೊಡ್ಡ ಹೆಸರುಗಳು, ಇಲ್ಲಿ ಹುಷಾರು. ರೂಡಿ ಕುರ್ನಿಯವಾನ್ ಅನ್ನೋನು ಕ್ಯಾಲಿಫೋರ್ನಿಯಾದ ತನ್ನ ಮನೇಲೇ ವೈನ್ ಬೆರೆಸಿ ನಕಲಿ ಲೇಬಲ್ ಅಂಟ್ಸಿ ಕೋಟ್ಯಾಧಿಪತಿಗಳಿಗೇ ಮಾರಿದ್ದ, 2014ರಲ್ಲಿ 10 ವರ್ಷ ಶಿಕ್ಷೆ ಆಯ್ತು. ಅವನ ಬಣ್ಣ ಬಯಲಾಗೋಕೆ ದೊಡ್ಡ ಕಾರಣ ಬರ್ಗಂಡಿಯಲ್ಲಿ ವೈನ್ ಮಾಡೋ ಲೊರಾಂ ಪೋನ್ಸೋ. ಅವರ ಮನೆತನದವರು ಕ್ಲೋ ಸ್ಯಾಂ ದೆನಿ ಅನ್ನೋ ವೈನ್ ಮಾಡೋಕೆ ಶುರು ಮಾಡಿದ್ದೇ 1980ರ ದಶಕದಲ್ಲಿ, ಹರಾಜಿಗೆ ಬಂದಿದ್ದು ಅವರ ಹೆಸರಿನ 1945ರ ಬಾಟಲಿ! ಹಂಗಾಗಿ ಆ ವರ್ಷ ಆ ವೈನ್ ಇತ್ತಾ ಅಂತ ಮೊದ್ಲು ನೋಡ್ಕೊಳಿ.

7. ರೇಟ್

ಬ್ರಿಟನ್ನಲ್ಲಿ 'ಇನ್ ಬಾಂಡ್' ಅಂತ ಬರೆದಿದ್ರೆ ಅದು ಸುಂಕ, 20% ವ್ಯಾಟ್ ಸೇರದ ಬೆಲೆ. ಹರಾಜಲ್ಲಿ ಸುತ್ತಿಗೆ ಬಿದ್ದ ಬೆಲೆ ಮೇಲೆ ಸಾಮಾನ್ಯವಾಗಿ 20ರಿಂದ 25% ಕಮಿಷನ್ ಬೇರೆ. ಎಲ್ಲಾ ಕೂಡ್ಸಿದ ಮೇಲೇ ಅಗ್ಗನಾ ಅಂತ ಹೇಳಿ.

8. ತಂದಮೇಲೆ

ಬೆಂಗಳೂರಿಗೆ ತರೋರಿಗೆ ತಲೆಗೆ 2 ಲೀಟರ್ ತನಕ ಡ್ಯೂಟಿ ಇಲ್ಲ, ಅಂದ್ರೆ 750 ಎಂಎಲ್‌ನ ಎರಡು ಬಾಟಲಿ. ಅಡುಗೆಮನೆ ಅಟ್ಟದ ಮೇಲೆ ಇಡಬೇಡಿ, ಒಂದೇ ಬೇಸಿಗೆ ಸಾಕು ಕೆಡ್ಸೋಕೆ. ವೈನ್ ಫ್ರಿಜ್ ಇಲ್ಲದಿದ್ರೆ ಬೇಗ ಕುಡಿದುಬಿಡಿ. ಅಯಸ್ಕಾಂತ ಇಟ್ಟು ವೈನ್ ಮಾಗ್ಸೋ ಉಪಕರಣ ಅಂತ ಮಾರ್ತಾರೆ, ಅದು ಶುದ್ಧ ಬುರುಡೆ, ದುಡ್ಡು ಹಾಳು.

ತೆಗೆಯೋ ಮುಂಚೆ ಎರಡು ದಿನ ನೆಟ್ಟಗೆ ನಿಲ್ಸಿ, ಗಸಿ ಕೂರ್ಲಿ. ಹಳೇ ಕಾರ್ಕ್ ಪುಡಿ ಆಗತ್ತೆ, ಮಾಮೂಲಿ ಸ್ಕ್ರೂ ಬೇಡ, ಪಕ್ಕದಿಂದ ಇಳಿಯೋ ಎರಡು ಪಟ್ಟಿಯ 'ಆ ಸೋ' ಓಪನರ್ ತಗೊಳಿ. ಕತ್ತಿನ ಕೆಳಗೆ ಟಾರ್ಚ್ ಇಟ್ಟು ಒಂದೇ ಸಮನೆ ಬಗ್ಗಿಸಿ ಬೇರೆ ಜಗ್ಗಿಗೆ ಸುರೀರಿ, ಗಸಿ ಕತ್ತಿಗೆ ಬಂತು ಅಂದ ಕೂಡ್ಲೇ ನಿಲ್ಸಿ. ಗಂಟೆಗಟ್ಟಲೆ ಗಾಳಿಗೆ ಬಿಡಬೇಕು ಅನ್ನೋದು ಎಳೇ ವೈನಿಗೆ, ಹಳೇದನ್ನ ಸುರಿದ ತಕ್ಷಣ ಕುಡೀರಿ.