ಬಿಲ್ಲಿನಿಂದ ಹಿಂದಕ್ಕೆ ಲೆಕ್ಕ ಹಾಕಿ ವಿಮೆ ತಗೊಂಡೆ

ವಿಮೆ ಏಜೆಂಟರು ಮೊದಲು ತೋರಿಸುವುದು ಎರಡು ಅಂಕಿ. ಕವರೇಜ್ ಎಷ್ಟು, ಪ್ರೀಮಿಯಂ ಎಷ್ಟು. ನಾನು ಆ ಎರಡನ್ನೂ ಪಕ್ಕಕ್ಕಿಟ್ಟು ಚಿಕ್ಕಪ್ಪನ ಆಸ್ಪತ್ರೆ ಬಿಲ್ ತರಿಸಿಕೊಂಡೆ.

ಚಿಕ್ಕಪ್ಪನದು ಮೂರು ಲಕ್ಷದ ಹಳೆಯ ಪಾಲಿಸಿ. ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಿತ್ತು. ಬಿಲ್ 1,84,000 ರೂಪಾಯಿ. ಮೂರು ಲಕ್ಷದೊಳಗೇ ಇದೆಯಲ್ಲ, ಪೂರ್ತಿ ಬರುತ್ತದೆ ಅಂತ ಎಲ್ಲರೂ ನಿರಾಳವಾಗಿದ್ದರು. ಬಂದದ್ದು 1,12,000. ಉಳಿದ 72,000 ಕೈಯಿಂದ ಹೋಯಿತು.

ಕಾರಣ ರೂಮು. ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ದಿನಕ್ಕೆ ಕವರೇಜಿನ ಶೇ. 1, ಅಂದರೆ 3,000 ರೂಪಾಯಿ ಮಿತಿ ಇತ್ತು. ಸೇರಿದ್ದು 6,000ದ ರೂಮಿಗೆ. ನಾಲ್ಕು ದಿನದ ಬಾಡಿಗೆ 24,000ದಲ್ಲಿ ಅರ್ಧ ಮಾತ್ರ ಬಂತು. ಅಷ್ಟಕ್ಕೇ ಮುಗಿದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಸರ್ಜನ್, ಥಿಯೇಟರ್, ನರ್ಸಿಂಗ್ ಎಲ್ಲ ಸೇರಿ 1,20,000 ಇತ್ತಲ್ಲ, ಅದಕ್ಕೂ ಅದೇ ಅನುಪಾತದ ಕತ್ತರಿ. 60,000 ಮಾತ್ರ ಸಿಕ್ಕಿತು. ಔಷಧಿ ಮತ್ತು ಪರೀಕ್ಷೆಗಳ 40,000 ಪೂರ್ತಿ ಬಂತು, ಯಾಕೆಂದರೆ ಅವಕ್ಕೆ ಈ ಕತ್ತರಿ ಹಾಕುವ ಹಾಗಿಲ್ಲ. ದುಬಾರಿ ರೂಮಿಗೆ ಡಾಕ್ಟರ ಫೀಸೂ ದುಬಾರಿ ಅನ್ನುವುದು ಇದರ ಹಿಂದಿನ ಲೆಕ್ಕ. ಪಾಲಿಸಿಯ ಪ್ರಕಾರ ತಪ್ಪೇನಿಲ್ಲ. ಆದರೆ ಆಸ್ಪತ್ರೆಗೆ ಓಡುವ ರಾತ್ರಿ ಇದನ್ನೆಲ್ಲ ಯಾರು ನೋಡ್ತಾರೆ?

ಹಾಗಾಗಿ ನನ್ನ ಮೊದಲ ಷರತ್ತು ನಿಂತುಬಿಟ್ಟಿತು: ರೂಮ್ ಬಾಡಿಗೆಗೆ ಮಿತಿ ಇರಬಾರದು, ಅಥವಾ ‘ಸಿಂಗಲ್ ಪ್ರೈವೇಟ್ ರೂಮ್’ ಅಂತ ಬರೆದಿರಬೇಕು. ಆರೋಗ್ಯ ಸಂಜೀವಿನಿ ಅಂತ ಎಲ್ಲ ಕಂಪನಿಗಳಲ್ಲೂ ಒಂದೇ ನಿಯಮದ ಪಾಲಿಸಿ 2020ರಲ್ಲಿ ಬಂತು. ಓದಿ ಅರ್ಥ ಮಾಡಿಕೊಳ್ಳಲು ಸುಲಭ. ಆದರೆ ಅದರಲ್ಲಿ ರೂಮಿಗೆ ಶೇ. 2, ಹೆಚ್ಚೆಂದರೆ 5,000 ರೂಪಾಯಿ, ಜೊತೆಗೆ ಪ್ರತಿ ಕ್ಲೇಮಿನಲ್ಲೂ ಶೇ. 5 ನಮ್ಮ ಪಾಲು. ಏನೂ ಇಲ್ಲದವರಿಗೆ ಒಳ್ಳೆಯದೇ. ನನಗೆ ಹೊಂದಲಿಲ್ಲ.

ಆಮೇಲೆ ಒಂದು ಕೆಲಸ ಮಾಡಿದೆ. ಎಲ್ಲರಿಗೂ ಇದನ್ನೇ ಹೇಳುತ್ತೇನೆ. ಮೈಸೂರಿನಲ್ಲಿ ನಮ್ಮ ಮನೆಗೆ ಹತ್ತಿರದ, ಕಾಯಿಲೆ ಬಿದ್ದರೆ ನಿಜವಾಗಿ ಹೋಗುವ ಆಸ್ಪತ್ರೆಗಳ ಇನ್ಶೂರೆನ್ಸ್ ಡೆಸ್ಕಿಗೇ ಹೋಗಿ ಕೇಳಿದೆ. ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಹೋದರೆ ರಶ್ ಇರುವುದಿಲ್ಲ. ಪ್ರೈವೇಟ್ ರೂಮಿಗೆ ಎಷ್ಟು, ಸ್ಟೆಂಟ್ ಹಾಕಿದರೆ ಅಂದಾಜು ಎಷ್ಟು, ಯಾವ ಕಂಪನಿಯ ಕ್ಯಾಶ್‌ಲೆಸ್ (ನಾವು ಕಟ್ಟದೆ ಕಂಪನಿಯೇ ಆಸ್ಪತ್ರೆಗೆ ನೇರ ಕಟ್ಟುವುದು) ಸಲೀಸಾಗಿ ಆಗುತ್ತೆ? ಅಲ್ಲಿ ಕೂತ ಹುಡುಗಿ ಕಂಪನಿ ಹೆಸರಿನ ವಿಷಯಕ್ಕೆ ನಕ್ಕು ಸುಮ್ಮನಾದಳು, ಆದರೆ ಒಂದು ಹಳೆಯ ಬಿಲ್ಲಿನಲ್ಲಿ ರೋಗಿಯ ಹೆಸರು ಮುಚ್ಚಿ ತೋರಿಸಿದಳು. ಗ್ಲೌಸ್, ಮಾಸ್ಕ್, ಅಂಡರ್‌ಪ್ಯಾಡ್ ಅಂತ ಒಂದು ಉದ್ದ ಪಟ್ಟಿ. “ಇದ್ಯಾವುದೂ ಬರಲ್ಲ ಸರ್, ಇದಕ್ಕೆ ಬೇರೆ ರೈಡರ್ ತಗೋಬೇಕು” ಅಂದಳು. ರೈಡರ್ ಅಂದರೆ ಪಾಲಿಸಿಯ ಮೇಲೆ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಹೆಚ್ಚುವರಿ ಕವರ್. ತಗೊಂಡೆ.

ಆಫೀಸಿನ ಗುಂಪು ವಿಮೆ ನನಗಿದೆ, ಐದು ಲಕ್ಷದ್ದು. ಹಳೆಯ ಕಾಯಿಲೆಗೂ ನಮ್ಮಲ್ಲಿ ಮೊದಲ ದಿನದಿಂದಲೇ ಕವರ್ ಇದೆ. ಆದರೆ ಕೆಲಸ ಬಿಟ್ಟ ದಿನ ಅದೂ ಹೋಗುತ್ತೆ. ಅದಕ್ಕೆ ನನಗೆ, ಹೆಂಡತಿಗೆ, ಮಗಳಿಗೆ ಸೇರಿಸಿ ಹತ್ತು ಲಕ್ಷದ ಸ್ವಂತ ಪಾಲಿಸಿ ಮಾಡಿಸಿ, ಅದರ ಮೇಲೆ ಸೂಪರ್ ಟಾಪ್‌ಅಪ್, ಅಂದರೆ ಒಂದು ಮಿತಿ ದಾಟಿದ ಖರ್ಚನ್ನಷ್ಟೇ ಕೊಡುವ ಪಾಲಿಸಿ, ಹಾಕಿದೆ. ಬರೀ ಟಾಪ್‌ಅಪ್ ಬೇಡ. ಅದರಲ್ಲಿ ಒಂದೊಂದು ಸಲದ ಬಿಲ್ಲೂ ಬೇರೆ ಬೇರೆಯಾಗಿ ಮಿತಿ ದಾಟಬೇಕು. ಸೂಪರ್ ಟಾಪ್‌ಅಪ್‌ನಲ್ಲಿ ವರ್ಷದ ಒಟ್ಟು ಖರ್ಚು ದಾಟಿದರೆ ಸಾಕು.

ಅಪ್ಪ ಅಮ್ಮನನ್ನು ಇದರಲ್ಲಿ ಸೇರಿಸಲಿಲ್ಲ. ಫ್ಲೋಟರ್, ಅಂದರೆ ಎಲ್ಲರೂ ಒಂದೇ ಕವರೇಜ್ ಹಂಚಿಕೊಳ್ಳುವ ಪಾಲಿಸಿಯ ಪ್ರೀಮಿಯಂ, ಅದರಲ್ಲಿರುವ ಎಲ್ಲರಿಗಿಂತ ಹಿರಿಯರ ವಯಸ್ಸಿನ ಮೇಲೆ ನಿಲ್ಲುತ್ತದೆ. 68ರ ಅಪ್ಪನ ಜೊತೆ ಒಂಬತ್ತರ ಮಗಳನ್ನು ಕೂರಿಸಿದರೆ ಎಲ್ಲರಿಗೂ ಭಾರ. ಅವರಿಬ್ಬರಿಗೆ ಬೇರೆ ಪಾಲಿಸಿ ಮಾಡಿಸಿದೆ. 2024ರ ಏಪ್ರಿಲ್‌ನಿಂದ 65 ದಾಟಿದವರಿಗೂ ಹೊಸ ಪಾಲಿಸಿಯ ಬಾಗಿಲು ತೆರೆದಿದೆ. ಹಾಗಂತ ಕಂಪನಿಗಳು ಕರೆದು ಕೊಡುತ್ತವೆ ಅಂತ ತಿಳ್ಕೋಬೇಡಿ.

ಅಪ್ಪನಿಗೆ ಶುಗರ್, ಅಮ್ಮನಿಗೆ ಬಿಪಿ. ಫಾರಂ ತುಂಬುವಾಗ ಏಜೆಂಟ್ ದನಿ ಇಳಿಸಿ, “ಮಾತ್ರೆಯಲ್ಲಿ ಕಂಟ್ರೋಲ್ ಇದೆಯಲ್ಲ ಸರ್, ಸುಮ್ನೆ ಯಾಕೆ ಬರೀತೀರ” ಅಂದರು. ಅಪ್ಪನೂ ಅವರ ಕಡೆಯೇ. “ಬರೆದ್ರೆ ಕೊಡ್ತಾರೇನೋ? ಬಿಡು ಅತ್ಲಾಗೆ” ಅಂದರು. ನಾನು ಮಾತ್ರೆಯ ಹೆಸರು, ಡೋಸ್, ಯಾವ ವರ್ಷದಿಂದ ಅನ್ನುವುದನ್ನೂ ಸೇರಿಸಿ ಬರೆದೆ. ಪ್ರೀಮಿಯಂ ಏರಿತು ನಿಜ. ಹೇಳಿದ ಕಾಯಿಲೆಗೆ ಹೆಚ್ಚೆಂದರೆ 36 ತಿಂಗಳು ಕಾಯಿಸಬಹುದು, ಅಷ್ಟೇ. ಮುಚ್ಚಿಟ್ಟ ಕಾಯಿಲೆ ಆಸ್ಪತ್ರೆ ದಾಖಲೆಯಲ್ಲಿ ಹೊರಬಿದ್ದರೆ ಕ್ಲೇಮೂ ಹೋಗುತ್ತೆ, ಪಾಲಿಸಿಯೂ ಹೋಗಬಹುದು. ಬಿಡದೆ 60 ತಿಂಗಳು ನಡೆಸಿದ ಪಾಲಿಸಿಯನ್ನು ಮೋಸ ಸಾಬೀತಾಗದೆ ಪ್ರಶ್ನಿಸುವ ಹಾಗಿಲ್ಲ ಅಂತ ನಿಯಮವಿದೆ, ಆದರೆ ಅದನ್ನು ನೆಚ್ಚಿಕೊಂಡು ಸುಳ್ಳು ಬರೆಯುವವರನ್ನು ನೋಡಿದರೆ ನನಗೆ ಭಯ ಆಗುತ್ತೆ. ಪಾಲಿಸಿ ಕೈಗೆ ಬಂದ ಮೇಲೆ ಇಷ್ಟವಾಗದಿದ್ದರೆ ವಾಪಸ್ ಕೊಡಲು 30 ದಿನ ಇರುತ್ತದೆ. ನಾನು ಆ ದಿನಗಳಲ್ಲಿ ಪೂರ್ತಿ ಓದಿದೆ. ಅಂದಹಾಗೆ, 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಮನೆ ವಿಮೆಗೆ ಆ ಭಾಗ್ಯ ಬರಲಿಲ್ಲ.

ಮನೆಯ ವಿಷಯಕ್ಕೆ ಬಂದರೆ, ಸಾಲ ತೆಗೆದುಕೊಳ್ಳುವಾಗಲೇ “ಇನ್ಶೂರೆನ್ಸ್ ಆಗಿದೆ ಸರ್” ಅಂತ ಬ್ಯಾಂಕಿನವರು ಹೇಳಿದ್ದರು. ಕಾಗದ ತೆಗೆದು ನೋಡಿದರೆ ಅದು ನನ್ನ ಜೀವಕ್ಕೆ ಮಾಡಿಸಿದ್ದು. ನಾನು ಸತ್ತರೆ ಸಾಲ ತೀರುತ್ತೆ, ಮನೆಗೆ ಬೆಂಕಿ ಬಿದ್ದರೆ ನಯಾಪೈಸೆ ಇಲ್ಲ. ನಿಮ್ಮದನ್ನೂ ಒಮ್ಮೆ ತೆಗೆದು ನೋಡಿ.

ನಾನು ಆರಿಸಿದ್ದು ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್‌ನಿಂದ ಇದೂ ಎಲ್ಲ ಕಂಪನಿಗಳಲ್ಲೂ ಒಂದೇ ನಿಯಮದ್ದು. ಇಲ್ಲೂ ಬಿಲ್ಲಿನಿಂದಲೇ ಶುರು ಮಾಡಿದೆ. ಮನೆ ಬಿದ್ದರೆ ಮತ್ತೆ ಕಟ್ಟಲು ಎಷ್ಟು? ಸೈಟಿನ ಬೆಲೆ ಲೆಕ್ಕಕ್ಕಿಲ್ಲ, ಯಾಕೆಂದರೆ ನೆಲ ಎಲ್ಲೂ ಹೋಗಲ್ಲ. ನಮ್ಮದು 30x40 ಸೈಟು. ಎರಡು ಮಹಡಿಯ ಕಾರ್ಪೆಟ್ ಏರಿಯಾ 1,400 ಚದರ ಅಡಿ. ಮೇಸ್ತ್ರಿಯನ್ನು ಕೇಳಿ ಅಡಿಗೆ 2,200 ಅಂತ ಹಿಡಿದೆ. 30,80,000 ಆಯಿತು. ಸಾಮಾನಿಗೆ ಇದರ ಶೇ. 20, ಗರಿಷ್ಠ ಹತ್ತು ಲಕ್ಷದವರೆಗೆ, ತಾನಾಗಿಯೇ ಸೇರುತ್ತದೆ. ನಮಗೆ 6,16,000. ಇಷ್ಟಕ್ಕೆಲ್ಲ ಪ್ರೀಮಿಯಂ ನಮ್ಮ ಕಾರಿನ ವಿಮೆಗಿಂತ ಕಡಿಮೆ ಬಂತು!

ಬೆಂಕಿ, ಪ್ರವಾಹ, ಭೂಕುಸಿತ, ಸಿಡಿಲು, ನೀರಿನ ಟ್ಯಾಂಕ್ ಒಡೆಯುವುದು ಎಲ್ಲಕ್ಕೂ ರಕ್ಷಣೆ ಇದೆ. ಗೋಡೆಗೆ ನಿಧಾನ ತೇವ ಹತ್ತಿ ಬಣ್ಣ ಉದುರಿದರೆ ಇಲ್ಲ. ಹಾನಿಯಿಂದ ಮನೆ ವಾಸಕ್ಕೆ ಬಾರದಂತಾದರೆ ನಾವು ಬೇರೆ ಕಡೆ ಕಟ್ಟುವ ಬಾಡಿಗೆಯೂ ಸಿಗುತ್ತದೆ. ಕಳ್ಳತನದ್ದು ಮಾತ್ರ ಗಮನಿಸಿ. ಬೆಂಕಿಯೋ ನೆರೆಯೋ ಆದ ಏಳು ದಿನದೊಳಗೆ ಆದ ಕಳವಿಗಷ್ಟೇ ಇದು ಅನ್ವಯ. ಬೀಗ ಒಡೆದು ಕದ್ದರೆ ಬೇರೆ ಬರ್ಗ್ಲರಿ ಕವರ್ ಬೇಕು. ನಾನು ಸೇರಿಸಿಕೊಂಡೆ. ಒಡವೆ ಬ್ಯಾಂಕ್ ಲಾಕರಿನಲ್ಲಿದೆ, ಅದನ್ನು ಬಿಟ್ಟೆ. ಟಿವಿ, ಫ್ರಿಜ್, ಸೋಲಾರ್ ಎಲ್ಲದರ ಬಿಲ್ ಮತ್ತು ಸೀರಿಯಲ್ ನಂಬರಿನ ಫೋಟೋ ತೆಗೆದು ನನಗೇ ಈಮೇಲ್ ಮಾಡಿಕೊಂಡಿದ್ದೇನೆ. ಮನೆ ಸುಟ್ಟರೆ ಬೀರುವಿನಲ್ಲಿಟ್ಟ ಬಿಲ್ಲೂ ಸುಡುತ್ತೆ, ಅಲ್ವಾ?

ಈಗ ಅಪ್ಪ ಅಮ್ಮನ ಪಾಲಿಸಿ ನವೀಕರಣಕ್ಕೆ ಬರುತ್ತಿದೆ. ಕಂಪನಿ ಬದಲಿಸಿದರೂ ಇದುವರೆಗೆ ಕಾದ ತಿಂಗಳುಗಳು ಹೊಸ ಕಡೆ ಲೆಕ್ಕಕ್ಕೆ ಬರುತ್ತವೆ, ಆದರೆ 45 ದಿನ ಮುಂಚೆ ಅರ್ಜಿ ಹಾಕಬೇಕು. ಬೇರೆ ಎರಡು ಕಂಪನಿಗಳ ಪಾಲಿಸಿ ಪ್ರತಿ ತರಿಸಿದ್ದೇನೆ. ರೂಮ್ ಬಾಡಿಗೆಯ ಸಾಲು ಎಲ್ಲಿದೆ ಅಂತ ಹುಡುಕುವುದು ಈ ಭಾನುವಾರದ ಕೆಲಸ.