ಅಂಜೂದು ಸಿಲಿಂಡರಿಗೆ, ಬೀಳೂದು ಬಚ್ಚಲದಾಗ

ಎಲ್ಲೋ ಸಿಲಿಂಡರ್ ಸಿಡೀತಂತ ಸುದ್ದಿ ಬಂದ್ರ ಹುಬ್ಬಳ್ಳಿ-ಧಾರವಾಡದ ಓಣಿ ತುಂಬ ಎಂಟು ದಿನ ಅದೇ ಮಾತು ನೋಡ್ರಿ. ಬಚ್ಚಲದಾಗ ಹಾವಸಿ ಕಟ್ಟಿದ್ದು ಯಾರ ಬಾಯಾಗೂ ಬರೂದಿಲ್ಲ. ದಿನಾ ಕಾಲಿಡೂ ಜಾಗಕ್ಕ ಹೆದರಿಕಿ ಎಲ್ಲಿಂದ ಬರಬೇಕು? ವಯಸ್ಸಾದವರ ತೊಡಿ ಎಲುಬು ಅಲ್ಲೇ ಮುರಿಯೂದು.

ವಾರಕ್ಕೊಮ್ಮೆ ಹಸಿ ನೆಲಕ್ಕ ಬ್ಲೀಚಿಂಗ್ ಪೌಡರ್ ಉದುರಿಸಿ, 15 ನಿಮಿಷ ಬಿಟ್ಟು ಗಟ್ಟಿ ಬ್ರಷ್‌ಲೇ ತಿಕ್ಕಿ ತೊಳೀರಿ. ಅದಕ್ಕ ಪಾಯಖಾನಿ ತೊಳಿಯೂ ಆ್ಯಸಿಡ್ ಮಾತ್ರ ಕೂಡಿಸಬ್ಯಾಡ್ರಿ; ಕ್ಲೋರಿನ್ ಎದ್ದು ಎದಿ ಹಿಡೀತೈತಿ. ಗ್ವಾಡಿಗೆ ಬೋಲ್ಟ್ ಹಾಕಿ ಒಂದು ಹಿಡಿಕಿ ಕೂಡಿಸ್ರಿ. ಟವೆಲ್ ಹಾಕೂ ಸರಳು ಮೈಭಾರ ತಡಿಯೂದಿಲ್ಲ, ಹಿಡಿದವರ ಜೋಡಿನೇ ಕಿತ್ತು ಬರತೈತಿ.

ಬಕೆಟ್ಟಿಗೆ ಮೊದಲು ತಣ್ಣೀರು, ಆಮ್ಯಾಲೆ ಬಿಸಿನೀರು. ಉಲ್ಟಾ ಮಾಡಿದ್ರ, ನೀವು ತಣ್ಣೀರಿಗೆ ಹೊಳ್ಳೂದ್ರಾಗ ಕೂಸು ಕೈ ಹಾಕಿರತೈತಿ. 60 ಡಿಗ್ರಿ ನೀರು ದೊಡ್ಡವರ ತೊಗಲನ್ನೂ ಐದಾರು ಸೆಕೆಂಡಿನಾಗ ಸುಡತೈತಿ. ಸುಟ್ಟಲ್ಲಿ 20 ನಿಮಿಷ ನಳದ ನೀರು ಬಿಡ್ರಿ. ಪೇಸ್ಟ್, ಶಾಯಿ ಏನೂ ಬ್ಯಾಡ. ನೀರು ಕಾಸೂ ರಾಡ್ ಇದ್ರ, ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮ್ಯಾಲೇ ನೀರು ಮುಟ್ರಿ. ಎಷ್ಟೋ ಮನಿಯಾಗ ವೈರ್ ಅದಲುಬದಲಾಗಿ, ಸ್ವಿಚ್ ಆರಿದ್ರೂ ರಾಡಿನಾಗ ಕರೆಂಟ್ ಉಳಿದಿರತೈತಿ.

ಇನ್ನ ಸಿಲಿಂಡರ್. ಅದರ ಉಕ್ಕು ಗಟ್ಟಿ. ಸೋರೂದು ಹೆಚ್ಚಾಗಿ ರಬ್ಬರ್ ಪೈಪು, ಬಾಯಿ ಒಳಗಿನ ವಾಷರ್. ಪೈಪಿನ ಮ್ಯಾಲಿನ ವರ್ಷ ಓದಿ 5 ವರ್ಷಕ್ಕ ಬದಲಿಸ್ರಿ. ಸಾಬೂನಿನ ನೊರಿ ಹಚ್ಚಿ ಗುಳ್ಳಿ ಏಳತಾವೇನು ನೋಡ್ರಿ, ಕಡ್ಡಿ ಗೀರಬ್ಯಾಡ್ರಿ. ವಾಸನಿ ಬಂದ್ರ ಸ್ವಿಚ್ ಹಾಕೂದೂ ಇಲ್ಲ, ಆರಿಸೂದೂ ಇಲ್ಲ. ಗ್ಯಾಸ್ ನೆಲಕ್ಕ ಕೂಡತೈತಿ, ಬಾಗಿಲಾ ತೆಗೆದು ಹೊರಗ ಬಂದು 1906ಕ್ಕ ಫೋನ್ ಮಾಡ್ರಿ. ಬಚ್ಚಲದ ಒಳಗಿನ ಗ್ಯಾಸ್ ಗೀಸರ್ ಇದಕ್ಕಿಂತ ಕೆಟ್ಟದ್ದು. ಅದರ ಕಾರ್ಬನ್ ಮೊನಾಕ್ಸೈಡಿಗೆ ವಾಸನಿನೇ ಇಲ್ಲ. ಗೀಸರ್ ಹೊರಗ ಹಚ್ಚಿಸಿ ಪೈಪಿನ್ಯಾಗ ನೀರು ತರಸ್ರಿ.

ಗದಗ, ಹಾವೇರಿ ಹಳ್ಳಿಯೊಳಗ ಹತ್ತಿಗೆ, ಮೆಣಸಿನಗಿಡಕ್ಕ ಹೊಡದು ಉಳಿದ ಎಣ್ಣಿ, ಅಂದ್ರ ಹುಳ ಕೊಲ್ಲೂ ಔಷಧ, ಬಣ್ಣದ ಸೋಡಾ ಬಾಟ್ಲಿಗೆ ಸುರುವಿ ಕಿಟಕ್ಯಾಗ ಇಡತಾರ. ಹಾವು ಬರತಾವಂತ ಅಂಗಳಕ್ಕ ಫಿನಾಯಿಲ್ ಹಾಕೂ ಮಂದಿನೇ ಇವರು! ಎಣ್ಣಿ ತನ್ನ ಡಬ್ಬಿಯೊಳಗೇ ಇರಲಿ, ಕೀಲಿ ಹಾಕಿದ ಪೆಟ್ಟಿಗ್ಯಾಗ. ಯಾರರೆ ಕುಡದ್ರ ಒತ್ತಾಯದ್ಲೆ ವಾಂತಿ ಮಾಡಸಬ್ಯಾಡ್ರಿ. 108ಕ್ಕ ಫೋನ್ ಮಾಡಿ, ದವಾಖಾನಿಗೆ ಆ ಡಬ್ಬಿನೂ ಒಯ್ಯಿರಿ. ಚೀಟಿ ಓದಿದ್ರ ಡಾಕ್ಟರ್‌ಗೆ ಯಾವ ವಿಷಂತ ತಿಳೀತೈತಿ.