ಹೋಟೆಲ್, ಹಾಸ್ಟೆಲ್, ಹಾಸ್ಪಿಟಲ್: ಪದಗಳ ನೆಂಟಸ್ತಿಕೆ ನಾನು ಹುಡುಕುವ ಬಗೆ

ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುವವಳು ನಾನು. ಪದಗಳ ಅರ್ಥ ಬಾಯಿಪಾಠ ಮಾಡಿಸುವುದಕ್ಕಿಂತ ಅವುಗಳ ನೆಂಟಸ್ತಿಕೆ ತೋರಿಸಿದರೆ ಜಾಸ್ತಿ ನೆನಪಿರುತ್ತೆ. ಆದರೆ ಅದಕ್ಕೆ ಪುರಾವೆ ಬೇಕು, ಒಂದೇ ಥರ ಕೇಳಿಸುತ್ತೆ ಅಂತ ಸುಮ್ನೆ ಗಂಟು ಹಾಕೋ ಹಾಗಿಲ್ಲ.

ನಾನು ಮೊದಲು ತೆರೆಯುವುದು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ. 1884ರಲ್ಲಿ ಮೊದಲ ಕಂತು ಬಂದು 1928ರಲ್ಲಿ ಮುಗಿದ ಕೆಲಸ ಅದು. ಪ್ರತಿ ಅರ್ಥಕ್ಕೂ ಇಸವಿ ಸಮೇತ ಯಾರೋ ನಿಜವಾಗಿ ಬರೆದ ವಾಕ್ಯಗಳನ್ನು ಕೊಡುತ್ತಾರೆ, ಹಳೆಯದು ಮೊದಲು. ತುಂಬ ಜನ ಮೂಲ ಯಾವ ಭಾಷೆ ಅಂತ ನೋಡಿ ಮುಂದೆ ಹೋಗಿಬಿಡುತ್ತಾರೆ. ನಾನು ಆ ವಾಕ್ಯಗಳನ್ನೇ ಕೂತು ಓದುತ್ತೇನೆ, ಯಾಕಂದರೆ ಪದ ಬದುಕಿದ್ದು ಅಲ್ಲೇ.

ಹಾಸ್ಪಿಟಲ್ ತಗೊಳ್ಳಿ. ಲ್ಯಾಟಿನ್‌ನಲ್ಲಿ ಹಾಸ್ಪೆಸ್ ಅಂದರೆ ಅತಿಥಿಯೂ ಹೌದು, ಅತಿಥಿಯನ್ನು ನೋಡಿಕೊಳ್ಳುವವನೂ ಹೌದು. ಇಂಗ್ಲಿಷಿನ ಹಳೆಯ ಬಳಕೆಯಲ್ಲಿ ಹಾಸ್ಪಿಟಲ್ ಅಂದರೆ ಯಾತ್ರಿಕರು, ಬಡವರು, ವಯಸ್ಸಾದವರು ಉಳಿದುಕೊಳ್ಳುವ ಜಾಗ, ಹೆಚ್ಚುಕಡಿಮೆ ನಮ್ಮ ಛತ್ರದ ಹಾಗೆ. ಇದಕ್ಕೆ ಸಾಕ್ಷಿ ಇವತ್ತಿಗೂ ಇದೆ. ಇಂಗ್ಲೆಂಡಿನ ಕ್ರೈಸ್ಟ್ಸ್ ಹಾಸ್ಪಿಟಲ್ 1552ರಲ್ಲಿ ಶುರುವಾದ ಶಾಲೆ. ಅಲ್ಲಿ ಮಕ್ಕಳು ಓದುತ್ತಾರೆ. ಲಂಡನ್ನಿನ ಚೆಲ್ಸಿಯಲ್ಲಿ 2ನೇ ಚಾರ್ಲ್ಸ್ 1682ರಲ್ಲಿ ಸ್ಥಾಪಿಸಿದ ರಾಯಲ್ ಹಾಸ್ಪಿಟಲ್ ಇವತ್ತೂ ನಿವೃತ್ತ ಸೈನಿಕರ ಮನೆ. ರೋಗಿ, ಡಾಕ್ಟರ್ ಅನ್ನುವ ಅರ್ಥ ಗಟ್ಟಿಯಾಗಿದ್ದು ಆಮೇಲೆ. ನಮ್ಮ ಆಸ್ಪತ್ರೆಯೂ ಇದೇ ಮನೆತನದ್ದು.

ಎರಡನೇ ಹೆಜ್ಜೆ ಫ್ರೆಂಚ್. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳು ರಾಶಿ ರಾಶಿಯಾಗಿ ಬಂದವಲ್ಲ, ಹಾಗೆ ಮಧ್ಯಯುಗದಲ್ಲಿ ಬಂದದ್ದು ಹಾಸ್ಟೆಲ್. ಆಗ ಫ್ರೆಂಚಿನಲ್ಲೂ ಅದರೊಳಗೆ ಎಸ್ ಇತ್ತು. ಕಾಲಕ್ರಮೇಣ ಫ್ರೆಂಚರ ಬಾಯಲ್ಲಿ ಆ ಎಸ್ ಬಿದ್ದುಹೋಯಿತು, ಬರಹದಲ್ಲಿ ಮಾತ್ರ ಉಳಿದಿತ್ತು. 1740ರ ಫ್ರೆಂಚ್ ಅಕಾಡೆಮಿ ಡಿಕ್ಷನರಿಯಲ್ಲಿ ಅಂಥ ಎಷ್ಟೋ ಪದಗಳಿಂದ ಎಸ್ ತೆಗೆದು, ಹಿಂದಿನ ಸ್ವರದ ತಲೆ ಮೇಲೆ ಚಿಕ್ಕ ಟೋಪಿಯಂಥ ಗುರುತು ಹಾಕಿದರು. ಎಸ್ ಇಲ್ಲದ ಹೋಟೆಲ್ ಇಂಗ್ಲಿಷಿಗೆ ತಡವಾಗಿ ಬಂತು. ಮೊದಲು ಅದರ ಅರ್ಥ ಪಟ್ಟಣದ ದೊಡ್ಡ ಬಂಗಲೆ, 18ನೇ ಶತಮಾನದಲ್ಲಿ ಪ್ರಯಾಣಿಕರ ವಸತಿ. ನಮ್ಮ ಊರುಗಳಲ್ಲಿ ಅದೇ ಹೋಟೆಲ್ ದೋಸೆ ಕಾಫಿಯ ಜಾಗವಾಯಿತು, ರೂಮು ಬೇಕಾದರೆ ಲಾಡ್ಜ್ ಕೇಳುತ್ತೇವೆ ಅಲ್ವಾ.

ಈ ಟೋಪಿ ನನಗೆ ತುಂಬ ಉಪಯೋಗಕ್ಕೆ ಬರುತ್ತೆ. ಫ್ರೆಂಚ್ ಪದದಲ್ಲಿ ಟೋಪಿ ಕಂಡರೆ ಅಲ್ಲೊಂದು ಎಸ್ ಸೇರಿಸಿ ನೋಡುತ್ತೇನೆ. ಫೊರೆ ಫಾರೆಸ್ಟ್ ಆಗುತ್ತೆ, ಬೆತ್ ಬೀಸ್ಟ್ ಆಗುತ್ತೆ, ಫೆತ್ ಫೀಸ್ಟ್ ಆಗುತ್ತೆ. ಎಲ್ಲಾ ಟೋಪಿಯ ಕೆಳಗೂ ಎಸ್ ಇರಲ್ಲ, ಅದಕ್ಕೇ ಇಸವಿಗಳ ಜೊತೆ ಇಟ್ಟು ನೋಡಬೇಕು.

ಮೂರನೆಯದು ಸ್ವಲ್ಪ ಹಿಂದಕ್ಕೆ ಹೋಗುವ ಕೆಲಸ. ಲ್ಯಾಟಿನ್‌ನಲ್ಲಿ ಪದದ ಮೊದಲಿಗೆ ಎಚ್ ಇದ್ದ ಕಡೆ ಇಂಗ್ಲಿಷಿನ ಬಳಗದ ಭಾಷೆಗಳಲ್ಲಿ ಹಲವು ಸಲ ಜಿ ಇರುತ್ತೆ. ಹಾಗಾಗಿ ಹೋಸ್ಟ್ ಮತ್ತು ಗೆಸ್ಟ್, ಕರೆದವನು ಮತ್ತು ಬಂದವನು, ಒಂದೇ ಬೇರಿನವು. ಅದೇ ಬೇರಿನಿಂದ ಬಂದ ಹಾಸ್ಟಿಸ್ ಲ್ಯಾಟಿನ್‌ನಲ್ಲಿ ಶತ್ರು ಅನ್ನುವ ಅರ್ಥಕ್ಕೆ ನಿಂತಿತು, ಹಾಸ್ಟೈಲ್ ಅಲ್ಲಿಂದಲೇ ಬಂತು. ಹೊಸಬ ಬಾಗಿಲಿಗೆ ಬಂದಾಗ ಅವನು ನೆಂಟನೋ ಶತ್ರುವೋ ಯಾರಿಗೆ ಗೊತ್ತು! ಕ್ಲಾಸಿನಲ್ಲಿ ಮಕ್ಕಳು ಕಣ್ಣರಳಿಸಿ ಕೇಳುವುದು ಇಲ್ಲೇ.

ಕೊನೆಗೆ ಐಲ್ ಮತ್ತು ಐಲ್ಯಾಂಡ್ ಕೊಡುತ್ತೇನೆ. ಎರಡಕ್ಕೂ ದ್ವೀಪ ಅನ್ನೋ ಅರ್ಥ, ಎರಡರಲ್ಲೂ ಉಚ್ಚರಿಸದ ಎಸ್, ಆದರೂ ನೆಂಟರಲ್ಲ. ಐಲ್ ಲ್ಯಾಟಿನ್ ಮೂಲದ್ದು. ಐಲ್ಯಾಂಡ್ ಹಳೆಯ ಇಂಗ್ಲಿಷಿನದು, ಅದರಲ್ಲಿ ಎಸ್ ಇರಲೇ ಇಲ್ಲ. ಐಲ್ ನೋಡಿಕೊಂಡು 16ನೇ ಶತಮಾನದಲ್ಲಿ ಅದಕ್ಕೂ ಒಂದು ಎಸ್ ತುರುಕಿದರು. ಹಳೆಯ ವಾಕ್ಯಗಳನ್ನು ಇಸವಿ ಪ್ರಕಾರ ಬೋರ್ಡಿನ ಮೇಲೆ ಬರೆದು, ಎಸ್ ಎಲ್ಲಿಂದ ಶುರುವಾಯಿತು ಅಂತ ಮಕ್ಕಳ ಕೈಯಲ್ಲೇ ಗೆರೆ ಎಳೆಸುತ್ತೇನೆ.